ಸಣ್ಣ ಗ್ರಾಮೀಣ ಪ್ರಾಥಮಿಕ ಶಾಲೆಯಲ್ಲಿ ಕಾರ್ಯಕ್ರಮಗಳ ಅನುಪಾಲನೆ: ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು?

ಮುಖ್ಯ ಶಿಕ್ಷಕಿ (ಚರ್ಚೆಯ ಆರಂಭ):

ಐದು ತರಗತಿಗಳು, ಮೂವರು ಶಿಕ್ಷಕರು, ಐವತ್ತಕ್ಕಿಂತ ಕಡಿಮೆ ಮಕ್ಕಳಿರುವ ಗ್ರಾಮೀಣ ಪ್ರಾಥಮಿಕ ಶಾಲೆಯೊಂದರ ಹೊಣೆ ನನ್ನ ಮೇಲಿದೆ. ನಿತ್ಯದ ಪಾಠದ ಜೊತೆಗೆ ನಾಲ್ಕು ಕಾರ್ಯಕ್ರಮಗಳು ನಡೆಯುತ್ತಿವೆ: ಓದಿನಲ್ಲಿ ಹಿಂದೆ ಬಿದ್ದವರಿಗೆ ಬೆಳಗಿನ ಓದು ಗುಂಪು, ಗಣಿತದಲ್ಲಿ ಪೂರಕ ಬೋಧನೆ, ಮನೆಗೆ ಪುಸ್ತಕ ಒಯ್ಯಬಹುದಾದ ತರಗತಿ ಗ್ರಂಥಾಲಯ ಮತ್ತು ಪದೇ ಪದೇ ಗೈರಾಗುವ ಮಕ್ಕಳ ಪೋಷಕರನ್ನು ಸಂಪರ್ಕಿಸುವ ವ್ಯವಸ್ಥೆ. ಪ್ರತಿಯೊಂದಕ್ಕೂ ಒಂದು ವಹಿ ಇದೆ, ಪ್ರತಿ ವಹಿಗೂ ತಿಂಗಳ ಕೊನೆಯ ವರದಿಯೊಂದಿದೆ. ಇಷ್ಟೆಲ್ಲ ಬರೆದಿಟ್ಟರೂ ಯಾವ ಕಾರ್ಯಕ್ರಮದಿಂದ ಯಾವ ಮಗುವಿಗೆ ಏನು ಅನುಕೂಲವಾಯಿತು ಎಂದು ಯಾರಾದರೂ ಕೇಳಿದರೆ ಆ ವಹಿಗಳಿಂದ ಉತ್ತರ ಸಿಗುವುದಿಲ್ಲ.

ತಕ್ಷಣದ ಸಮಸ್ಯೆ ಹೀಗಿದೆ. ನಮ್ಮ ಮೂರನೆಯ ತರಗತಿಯಲ್ಲಿ ಹೋದ ವರ್ಷ ಶೇ. 75ರಷ್ಟು ಮಕ್ಕಳು ತಮ್ಮ ಮಟ್ಟದ ಪಠ್ಯವನ್ನು ಸರಾಗವಾಗಿ ಓದುತ್ತಿದ್ದರು. ಈ ವರ್ಷ ಆ ಪ್ರಮಾಣ ಶೇ. 50ಕ್ಕೆ ಇಳಿದಿದೆ. ತರಗತಿಯಲ್ಲಿ ಎರಡೂ ವರ್ಷ ಇದ್ದದ್ದು ಎಂಟು ಮಕ್ಕಳು. ಓದು ಗುಂಪಿನಿಂದ ಫಲವಿಲ್ಲ, ಆ ಹೊತ್ತನ್ನು ಬೇರೆ ಯಾವುದಕ್ಕಾದರೂ ಬಳಸೋಣ ಎಂಬ ಅಭಿಪ್ರಾಯ ಶಾಲಾ ಸಮಿತಿಯಲ್ಲಿ ಬಲವಾಗುತ್ತಿದೆ. ದೊಡ್ಡ ಶಾಲೆಗಳಿಗಾಗಿ ರೂಪಿಸಿದ ಮೌಲ್ಯಮಾಪನ ಕೈಪಿಡಿಗಳು ನಮ್ಮಂಥ ಶಾಲೆಗೆ ಹೊಂದುತ್ತಿಲ್ಲ. ಇಂಥ ಕಡೆ ಕೆಲಸ ಮಾಡಿದವರು, ಅಂಕಿಅಂಶ ಬಲ್ಲವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಸಂಖ್ಯಾಶಾಸ್ತ್ರ ಬೋಧಕ:

ಮೊದಲು ಶೇಕಡಾವಾರನ್ನು ಬದಿಗಿಟ್ಟು ತಲೆ ಎಣಿಸೋಣ. ಎಂಟು ಮಕ್ಕಳಲ್ಲಿ ಶೇ. 75 ಎಂದರೆ ಆರು ಮಂದಿ, ಶೇ. 50 ಎಂದರೆ ನಾಲ್ವರು. ಅಂದರೆ ಸಮಿತಿಯನ್ನು ಕಂಗೆಡಿಸಿರುವ ‘25 ಅಂಶಗಳ ಕುಸಿತ’ ಎಂಬುದು ಇಬ್ಬರು ಮಕ್ಕಳ ವ್ಯತ್ಯಾಸ ಮಾತ್ರ. ಮೇಲಾಗಿ ಅವರು ಅದೇ ಮಕ್ಕಳೂ ಅಲ್ಲ. ಹೋದ ವರ್ಷದ ಮೂರನೆಯ ತರಗತಿ ಈಗ ನಾಲ್ಕರಲ್ಲಿ ಕುಳಿತಿದೆ, ಈ ವರ್ಷದ ಮೂರನೆಯ ತರಗತಿ ಬೇರೆಯೇ ಎಂಟು ಮಕ್ಕಳ ಗುಂಪು. ಎರಡು ಬೇರೆ ಬೇರೆ ಗುಂಪುಗಳನ್ನು ಹೋಲಿಸಿ ಕಾರ್ಯಕ್ರಮದ ಗುಣಾವಗುಣವನ್ನು ತೀರ್ಮಾನಿಸುವುದು ಯಾವ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಕಾರ್ಯಕ್ರಮದಲ್ಲಿ ಏನೂ ಬದಲಾಗದಿದ್ದರೂ ಆಕಸ್ಮಿಕವಾಗಿಯೇ ಇಷ್ಟು ವ್ಯತ್ಯಾಸ ಬರಬಹುದೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಸರಾಗವಾಗಿ ಓದುವ ಮಕ್ಕಳ ನಿಜವಾದ ಪ್ರಮಾಣ ಸುಮಾರು ಶೇ. 60 ಎಂದಿಟ್ಟುಕೊಂಡರೆ, ಎಂಟು ಮಕ್ಕಳ ಗುಂಪಿನಲ್ಲಿ ಆ ಸಂಖ್ಯೆಯ ಮಾನಕ ದೋಷ, ಅಂದರೆ ಆಕಸ್ಮಿಕವಾಗಿಯೇ ಆಗುವ ಏರಿಳಿತದ ಸಾಮಾನ್ಯ ಗಾತ್ರ, ಸುಮಾರು 17 ಅಂಶಗಳು. ಅಂಥ ಎರಡು ಗುಂಪುಗಳ ವ್ಯತ್ಯಾಸದ ಮಾನಕ ದೋಷ ಸುಮಾರು 24 ಅಂಶಗಳು. ನಿಮ್ಮ 25 ಅಂಶಗಳ ಇಳಿಕೆಯೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ಅದು ಸಹಜ ಏರಿಳಿತದ ಒಳಗೇ ಇದೆ. ಹಾಗೆಂದು ಓದು ಗುಂಪು ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಆ ಸಂಖ್ಯೆಯಿಂದ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಹೇಳಲು ಬರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಗುಂಪು ಚಿಕ್ಕದಾದಷ್ಟೂ ಸರಾಸರಿಯ ಅಲುಗಾಟ ಹೆಚ್ಚು ಎಂಬುದನ್ನು ಗಣಿತಜ್ಞ ಅಬ್ರಹಾಂ ದ ಮ್ವಾವ್ರ್ 18ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದ. 2007ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೋವರ್ಡ್ ವೈನರ್ ಅದನ್ನು ಶಾಲೆಗಳಿಗೆ ಅನ್ವಯಿಸಿ ಬರೆದರು. ಪೆನ್ಸಿಲ್ವೇನಿಯಾದ ಶಾಲೆಗಳ ಫಲಿತಾಂಶಗಳಲ್ಲಿ ಅತಿ ಎತ್ತರದ ಸ್ಥಾನಗಳಲ್ಲಿ ಸಣ್ಣ ಶಾಲೆಗಳು ತಮ್ಮ ಪಾಲಿಗಿಂತ ಹೆಚ್ಚಾಗಿ ಕಂಡವು; ಅತಿ ಕೆಳಗಿನ ಸ್ಥಾನಗಳಲ್ಲಿಯೂ ಅವೇ ಹೆಚ್ಚಾಗಿದ್ದವು. ಮೇಲಿನ ಪಟ್ಟಿಯನ್ನಷ್ಟೇ ನೋಡಿದರೆ ‘ಶಾಲೆ ಚಿಕ್ಕದಾದಷ್ಟೂ ಒಳ್ಳೆಯದು’ ಎನಿಸುತ್ತದೆ, ಕೆಳಗಿನದನ್ನಷ್ಟೇ ನೋಡಿದರೆ ‘ಸಣ್ಣ ಶಾಲೆಗಳನ್ನು ಮುಚ್ಚಿ’ ಎನ್ನಬೇಕಾಗುತ್ತದೆ. ಹಳ್ಳಿಯ ಶಾಲೆಯೊಂದು ಒಂದು ವರ್ಷ ಹೊಗಳಿಕೆಯ ಪತ್ರ ಪಡೆದು ಮುಂದಿನ ವರ್ಷ ಕಾರಣ ಕೇಳುವ ಪತ್ರ ಪಡೆಯುವುದರ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಬಹುವರ್ಗ ಶಿಕ್ಷಕಿ:

ಹಲವು ತರಗತಿಗಳಿಗೆ ಒಟ್ಟಿಗೆ ಕಲಿಸುವವಳಾಗಿ ಮೇಲಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಶಿಕ್ಷಕರಿಗೆ ಬೇಕಾದದ್ದು ಮುಂದಿನ ಮಾತು: ಶೇಕಡಾವಾರು ಬೇಡವೆಂದರೆ ಅದರ ಜಾಗದಲ್ಲಿ ಏನು?

ಸಣ್ಣ ಶಾಲೆಗೆ ಇರುವ ಒಂದೇ ಒಂದು ಅನುಕೂಲವೆಂದರೆ ಪ್ರತಿಯೊಂದು ಮಗುವನ್ನೂ ಹೆಸರು ಹಿಡಿದು ನೋಡಬಲ್ಲದು ಎಂಬುದು. ನಾಲ್ಕುನೂರು ಮಕ್ಕಳ ಶಾಲೆ ಸರಾಸರಿಯನ್ನು ಬಳಸುವುದು ಅನಿವಾರ್ಯತೆಯಿಂದ. ನಲವತ್ತು ಮಕ್ಕಳ ಶಾಲೆ ಅದನ್ನು ಅನುಕರಿಸಿದರೆ ಕೈಯಲ್ಲಿದ್ದ ಅನುಕೂಲವನ್ನು ತಾನೇ ಬಿಟ್ಟುಕೊಟ್ಟಂತೆ. ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ಎಲ್ಲ ಮಕ್ಕಳ ಹೆಸರು, ಮೇಲೆ ಓದಿನ ಮಟ್ಟಗಳು — ಅಕ್ಷರ, ಪದ, ಸರಳ ವಾಕ್ಯಗಳು, ಸಣ್ಣ ಕಥೆ — ಬರೆದು, ಮಗು ಈಗ ಎಲ್ಲಿದೆ, ಯಾವ ತಿಂಗಳು ಅಲ್ಲಿಗೆ ಬಂತು ಎಂದು ಗುರುತಿಸಿದರೆ ಸಾಕು. 2005ರಿಂದ ಪ್ರಥಮ್ ಸಂಸ್ಥೆಯವರು ಗ್ರಾಮೀಣ ಮಕ್ಕಳ ಓದು, ಲೆಕ್ಕಗಳನ್ನು ಅಳೆಯಲು ನಡೆಸಿಕೊಂಡು ಬಂದಿರುವ ಅಸರ್ ಸಮೀಕ್ಷೆಯಲ್ಲಿರುವುದು ಸರಿಸುಮಾರು ಇದೇ ಮಟ್ಟಗಳು. ಆ ಹಾಳೆಯಲ್ಲಿ ನೋಡಬೇಕಾದದ್ದು ‘ಎಷ್ಟು ಮಂದಿ ಮೇಲಿದ್ದಾರೆ’ ಎಂಬುದನ್ನಲ್ಲ, ‘ಯಾರು ಕದಲದೆ ನಿಂತಿದ್ದಾರೆ’ ಎಂಬುದನ್ನು. ಮಗು ಪದದ ಮಟ್ಟದಲ್ಲಿಯೇ ನಾಲ್ಕು ತಿಂಗಳಿಂದ ಇದ್ದರೆ, ತರಗತಿಯ ಸರಾಸರಿ ಏರುತ್ತಿದೆ ಎಂಬ ಸಮಾಧಾನದಿಂದ ಅದಕ್ಕೆ ಏನೂ ಆಗಬೇಕಾದ್ದಿಲ್ಲ.

ಮಟ್ಟದ ಹಾಳೆ ಒರಟು ಸಾಧನ. ಎರಡು ಮಟ್ಟಗಳ ನಡುವಿನ ಚಲನೆಯನ್ನು ಅದು ತೋರಿಸದು. ಓದು ಗುಂಪಿನ ಮಕ್ಕಳಿಗೆ ಮಾತ್ರ ಒಂದು ನಿಮಿಷದ ಓದನ್ನು ಸೇರಿಸಿಕೊಳ್ಳಿ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಡೆನೊ ಮತ್ತು ಅವರ ಸಂಗಡಿಗರು ಬೆಳೆಸಿದ ಪಠ್ಯಾಧಾರಿತ ಮಾಪನದ ಭಾಗ ಇದು. ಮಗು ಹಿಂದೆ ಓದಿರದ, ಆದರೆ ಅದರ ಮಟ್ಟಕ್ಕೆ ತಕ್ಕ ಒಂದು ಪುಟವನ್ನು ಅದರ ಮುಂದೆ ಇಡಬೇಕು, ಇನ್ನೊಂದು ಪ್ರತಿ ನಮ್ಮ ಕೈಯಲ್ಲಿರಬೇಕು. ಒಂದು ನಿಮಿಷ ಗಟ್ಟಿಯಾಗಿ ಓದಿಸಬೇಕು. ತಪ್ಪಿದ ಪದಕ್ಕೆ ನಮ್ಮ ಪ್ರತಿಯಲ್ಲಿ ಗೆರೆ. ಮೂರು ಸೆಕೆಂಡು ತಡವರಿಸಿದರೆ ಪದವನ್ನು ಹೇಳಿಕೊಟ್ಟು ಅದಕ್ಕೂ ಗೆರೆ. ತಾನೇ ತಿದ್ದಿಕೊಂಡದ್ದು ಸರಿಯೆಂದೇ ಲೆಕ್ಕ. 38 ಪದ ಓದಿ 5 ತಪ್ಪಿದರೆ 33 ಎಂದು ಬರೆದು ದಿನಾಂಕ ಹಾಕಬೇಕು. ಸಾಧ್ಯವಾದರೆ ಬೇರೆ ಬೇರೆ ಮೂರು ಪುಟ ಓದಿಸಿ ನಡುವಿನ ಸಂಖ್ಯೆಯನ್ನು ಹಿಡಿಯುವುದು ಉತ್ತಮ, ಏಕೆಂದರೆ ಒಂದು ಪುಟ ಕಠಿಣವಾಗಿ ಇನ್ನೊಂದು ಸುಲಭವಾಗಿ ಇರುವುದು ಸಾಮಾನ್ಯ.

ಇಲ್ಲಿ ಸಂಖ್ಯೆಗಿಂತ ನಮ್ಮ ಪ್ರತಿಯ ಮೇಲಿನ ಗೆರೆಗಳು ಹೆಚ್ಚು ಕಲಿಸುತ್ತವೆ. ‘ಹತ್ತಿ’ಯನ್ನು ‘ಹತಿ’ ಎಂದು, ‘ಕಟ್ಟೆ’ಯನ್ನು ‘ಕಟೆ’ ಎಂದು ಓದುವ ಮಗುವಿಗೆ ಒತ್ತಕ್ಷರ ಕೂತಿಲ್ಲ. ‘ಕೊಳ’ ಮತ್ತು ‘ಕೋಳಿ’ಗಳ ಮೊದಲ ಅಕ್ಷರವನ್ನು ಒಂದೇ ರೀತಿ ಓದುವ ಮಗುವಿಗೆ ದೀರ್ಘದ ಚಿಹ್ನೆ ಕಣ್ಣಿಗೆ ಬೀಳುತ್ತಿಲ್ಲ. ಇಬ್ಬರಿಗೂ 33 ಬಂದಿರಬಹುದು, ಆದರೆ ಮಾರನೆಯ ದಿನ ಇಬ್ಬರಿಗೂ ಮಾಡಿಸಬೇಕಾದ ಅಭ್ಯಾಸ ಒಂದೇ ಅಲ್ಲ. ಇನ್ನೊಂದು ಎಚ್ಚರಿಕೆ: ಇಂಗ್ಲಿಷ್ ಓದಿಗಾಗಿ ಸಿದ್ಧಪಡಿಸಿದ ‘ನಿಮಿಷಕ್ಕೆ ಇಷ್ಟು ಪದ’ ಎಂಬ ಕೋಷ್ಟಕಗಳನ್ನು ಕನ್ನಡಕ್ಕೆ ತಂದು ಹಚ್ಚಬೇಡಿ. ನಮ್ಮ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗಿರುತ್ತವೆ, ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಸೇರಿ ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಆ ಕಲಿಕೆ ಮೊದಲೆರಡು ತರಗತಿಗಳಲ್ಲಿಯೇ ಮುಗಿದುಬಿಡುವುದಿಲ್ಲ. ಮಗುವನ್ನು ಅದರ ಹಿಂದಿನ ತಿಂಗಳ ಓದಿಗೆ ಹೋಲಿಸಿದರೆ ಸಾಕು.

ನಿವೃತ್ತ ಪರಿವೀಕ್ಷಕ:

ಚರ್ಚೆ ಉಪಯುಕ್ತವಾಗಿ ಸಾಗಿದೆ. ಆದರೂ ಎರಡು ಆಕ್ಷೇಪಗಳನ್ನು ದಾಖಲಿಸಬಯಸುತ್ತೇನೆ.

ಮೊದಲನೆಯದು, ‘ನಮ್ಮದು ಸಣ್ಣ ಶಾಲೆ, ಅಂಕಿಅಂಶ ನಮಗೆ ಅನ್ವಯಿಸದು’ ಎಂಬ ಮಾತು ಬೇಗನೆ ನೆಪವಾಗುತ್ತದೆ. ಆಕಸ್ಮಿಕ ಏರಿಳಿತ ಎಂಬ ವಿವರಣೆ ಒಂದು ವರ್ಷಕ್ಕೆ ಸರಿ. ಸತತ ನಾಲ್ಕು ವರ್ಷ ಮೂರನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಓದಲಾರದೆ ಹೋದರೆ ಅದು ಆಕಸ್ಮಿಕವಲ್ಲ. ಸಂಖ್ಯಾಶಾಸ್ತ್ರದವರು ಇದನ್ನು ಒಪ್ಪುತ್ತಾರೆಂದು ಭಾವಿಸಿದ್ದೇನೆ.

ಎರಡನೆಯದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ನೀವೆಲ್ಲ ಮಕ್ಕಳ ಕಲಿಕೆಯನ್ನು ಅಳೆಯುವ ಮಾತಿನಲ್ಲಿದ್ದೀರಿ. ಕಾರ್ಯಕ್ರಮ ನಡೆಯಿತೇ ಎಂಬುದನ್ನು ಯಾರೂ ಕೇಳಲಿಲ್ಲ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಎಂದು ಯೋಜನೆಯಲ್ಲಿರುವ ಓದು ಗುಂಪು ವಾಸ್ತವದಲ್ಲಿ ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ ನಡೆದಿರುವ ಸಾಧ್ಯತೆ ಸಣ್ಣ ಶಾಲೆಯಲ್ಲಿ ಬಹಳ. ಒಬ್ಬ ಶಿಕ್ಷಕರು ತರಬೇತಿಗೋ ಸಭೆಗೋ ಹೋದರೆ ಉಳಿದ ಇಬ್ಬರು ಐದು ತರಗತಿಗಳನ್ನು ಹಂಚಿಕೊಳ್ಳಬೇಕು. ಆ ದಿನ ಮೊದಲು ಬಿದ್ದುಹೋಗುವುದೇ ಇಂಥ ಹೆಚ್ಚುವರಿ ಕಾರ್ಯಕ್ರಮ. ಯೋಜನೆಯಲ್ಲಿ ವಾರಕ್ಕೆ 150 ನಿಮಿಷ, ನಡೆದದ್ದು 40 ನಿಮಿಷ. ಹಾಗಿರುವಾಗ ‘ಕಾರ್ಯಕ್ರಮ ಫಲಿಸಲಿಲ್ಲ’ ಎಂಬ ತೀರ್ಪಿಗೆ ಅರ್ಥವೇನು? ಫಲಿಸಲು ಅದು ನಡೆದೇ ಇಲ್ಲ. ಆದ್ದರಿಂದ ಮುಖ್ಯ ಶಿಕ್ಷಕಿಯವರು ಸಮಿತಿಯ ಮುಂದೆ ಮೊದಲು ಇಡಬೇಕಾದದ್ದು ನಿಜವಾಗಿ ನಡೆದ ದಿನಗಳ, ನಿಮಿಷಗಳ ಲೆಕ್ಕ. ಜೊತೆಗೆ, ಆ ದಿನಗಳಲ್ಲಿ ಗುಂಪಿಗೆ ಸೇರಬೇಕಾದ ಮಕ್ಕಳು ಹಾಜರಿದ್ದರೇ ಎಂಬ ಲೆಕ್ಕ.

ಮುಖ್ಯ ಶಿಕ್ಷಕಿ:

ಆ ಲೆಕ್ಕವನ್ನು ತೆಗೆದು ನೋಡಿದೆ. ನಮ್ಮ ವಹಿಯಲ್ಲಿ ಗುಂಪು ನಡೆದ ದಿನಗಳಿಗೆ ಸಹಿ ಇದೆ, ಎಷ್ಟು ಹೊತ್ತು ಎಂಬ ಅಂಕಣವೇ ಇಲ್ಲ. ಸಹಿಗಳನ್ನು ಹಾಜರಾತಿ ಪುಸ್ತಕದೊಂದಿಗೆ ಹೊಂದಿಸಿದಾಗ, ಓದಿನಲ್ಲಿ ತೀರ ಹಿಂದಿರುವ ಮಕ್ಕಳೇ ಗುಂಪು ನಡೆದ ದಿನಗಳಲ್ಲಿ ಹೆಚ್ಚಾಗಿ ಗೈರಾಗಿರುವುದು ಕಾಣುತ್ತದೆ. ಬೆಳಗಿನ ಮೊದಲ ಅವಧಿಯಲ್ಲಿ ಗುಂಪನ್ನು ಇಟ್ಟಿರುವುದರಿಂದ ದೂರದಿಂದ ನಡೆದು ತಡವಾಗಿ ಬರುವ ಮಕ್ಕಳಿಗೆ ಅದು ತಪ್ಪುತ್ತಿದೆ. ನಾಲ್ಕು ವಹಿಗಳಲ್ಲಿ ಎಲ್ಲೂ ಇದು ಒಟ್ಟಿಗೆ ಕಾಣುವ ಹಾಗಿರಲಿಲ್ಲ, ಏಕೆಂದರೆ ಹಾಜರಾತಿ ಒಂದು ಕಡೆ, ಓದು ಇನ್ನೊಂದು ಕಡೆ.

ಪೋಷಕರ ಸಮಿತಿಯ ಸದಸ್ಯರು:

ನಾನು ಶಿಕ್ಷಕನಲ್ಲ, ಇಂಥದೇ ಒಂದು ಶಾಲೆಯ ಸಮಿತಿಯಲ್ಲಿದ್ದೇನೆ. ಹಾಜರಾತಿಯ ವಿಷಯ ಬಂದದ್ದರಿಂದ ಹೇಳುತ್ತೇನೆ: ನಮಗೆ ಪ್ರತಿ ತಿಂಗಳೂ ಕೊಡುತ್ತಿದ್ದದ್ದು ಸರಾಸರಿ ಹಾಜರಾತಿ. ಅದು ಶೇ. 95 ಇದ್ದರೆ ಎಲ್ಲರೂ ತೃಪ್ತಿಯಿಂದ ಎದ್ದು ಹೋಗುತ್ತಿದ್ದೆವು. ಒಬ್ಬ ಶಿಕ್ಷಕರು ಹಲಗೆಯ ಮೇಲೆ ಲೆಕ್ಕ ಬರೆದು ತೋರಿಸಿದರು. 40 ಮಕ್ಕಳು, ತಿಂಗಳಿಗೆ 20 ಶಾಲಾ ದಿನ ಎಂದರೆ ಒಟ್ಟು 800 ಹಾಜರಿಗಳು, ಶೇ. 95 ಎಂದರೆ 40 ಗೈರುಗಳು. ಆ ನಲವತ್ತು ಗೈರುಗಳು ಪ್ರತಿ ಮಗುವಿಗೂ ಒಂದೊಂದರಂತೆ ಹಂಚಿಹೋಗಿದ್ದರೆ ಚಿಂತೆಯಿಲ್ಲ. ಅವು ಎಂಟೇ ಮಕ್ಕಳಿಗೆ ಐದೈದರಂತೆ ಬಿದ್ದಿದ್ದರೆ ಆ ಎಂಟು ಮಕ್ಕಳು ಕಾಲು ಭಾಗ ಪಾಠವನ್ನು ಕಳೆದುಕೊಂಡಿದ್ದಾರೆ. ಎರಡಕ್ಕೂ ವರದಿಯಲ್ಲಿ ಬರುವುದು ಅದೇ ಶೇ. 95.

ಶಾಲಾ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ದಿನ ತಪ್ಪಿಸಿಕೊಂಡ ಮಗುವನ್ನು ದೀರ್ಘಕಾಲಿಕ ಗೈರಿನ ಪಟ್ಟಿಗೆ ಸೇರಿಸುವ ಮಾನದಂಡ ಹಲವು ಕಡೆ ಬಳಕೆಯಲ್ಲಿದೆ. ನಾವೂ ಅದನ್ನೇ ಹಿಡಿದೆವು: ಸರಾಸರಿ ಬೇಡ, ತಿಂಗಳಿಗೆ ಎರಡು ಅಥವಾ ಹೆಚ್ಚು ದಿನ ತಪ್ಪಿಸಿದವರ ಪಟ್ಟಿ ಕೊಡಿ ಎಂದೆವು. ಪಟ್ಟಿಯ ಜೊತೆಗೆ ಕಾರಣವೂ ಬೇಕು. ಕಾಯಿಲೆ, ಮನೆಯ ಚಿಕ್ಕ ಮಗುವನ್ನು ನೋಡಿಕೊಳ್ಳುವುದು, ದುಡಿಮೆಗಾಗಿ ಕುಟುಂಬ ಬೇರೆಡೆಗೆ ಹೋಗುವುದು, ಶಾಲೆಯಲ್ಲಿ ಯಾರದೋ ಭಯ. ಇವಕ್ಕೆ ಒಂದೇ ಮದ್ದಿಲ್ಲ. ‘ಪೋಷಕರನ್ನು ಸಂಪರ್ಕಿಸಲಾಗಿದೆ’ ಎಂಬ ಷರಾದಿಂದ ಏನೂ ತಿಳಿಯುವುದಿಲ್ಲ.

ಆದರೆ ಒಂದು ಸಂಕೋಚವೂ ಇದೆ. ಹೆಸರುಗಳಿರುವ ಹಾಳೆ ಸಮಿತಿಯ ಸಭೆಗೆ ಬಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹೆಸರು ಅಳಿಸಿ ‘ನಾಲ್ಕನೆಯ ತರಗತಿಯ ಒಂದು ಹೆಣ್ಣು ಮಗು’ ಎಂದು ಬರೆದರೂ ಪ್ರಯೋಜನವಿಲ್ಲ, ಆ ತರಗತಿಯಲ್ಲಿ ಇರುವುದೇ ಮೂವರು ಹುಡುಗಿಯರು. ಇದಕ್ಕೆ ಏನು ಮಾಡುವುದು?

ಸಂಖ್ಯಾಶಾಸ್ತ್ರ ಬೋಧಕ:

ಗುಂಪು ಹತ್ತಕ್ಕಿಂತ ಚಿಕ್ಕದಾಗಿದ್ದರೆ ಆ ಗುಂಪಿನ ಅಂಕಿಅಂಶವನ್ನು ಬಹಿರಂಗಪಡಿಸದಿರುವ ನಿಯಮ ಅಮೆರಿಕದ ಹಲವು ರಾಜ್ಯಗಳಲ್ಲಿದೆ, ಕಾರಣ ನೀವು ಹೇಳಿದ್ದೇ. ಹೆಸರಿನ ಹಾಳೆ ಶಿಕ್ಷಕರ ನಡುವೆಯೇ ಇರಬೇಕು. ಸಮಿತಿಗೆ ಮಕ್ಕಳ ವಿವರದ ಬದಲು ಕಾರ್ಯಕ್ರಮದ ವಿವರ ಹೋಗಲಿ: ಎಷ್ಟು ದಿನ ನಡೆಯಿತು, ಎಷ್ಟು ಮಕ್ಕಳು ಒಂದು ಮಟ್ಟ ಮೇಲೇರಿದರು, ಎಷ್ಟು ಮಕ್ಕಳು ಕದಲಲಿಲ್ಲ, ಅವರಿಗಾಗಿ ಏನನ್ನು ಬದಲಿಸಲಾಗುತ್ತಿದೆ. ಇಡೀ ಶಾಲೆಯನ್ನು ಒಂದೇ ಗುಂಪಾಗಿ ಲೆಕ್ಕ ಹಿಡಿದರೆ ಗುರುತೂ ಬಯಲಾಗದು, ಏರಿಳಿತವೂ ತಗ್ಗುತ್ತದೆ. ಎರಡು ಮೂರು ವರ್ಷಗಳನ್ನು ಕೂಡಿಸಿದರೆ ಇನ್ನೂ ಒಳ್ಳೆಯದು. ಪರಿವೀಕ್ಷಕರ ಮೊದಲ ಆಕ್ಷೇಪಕ್ಕೂ ಅದೇ ಉತ್ತರ, ಅವರ ಮಾತನ್ನು ಒಪ್ಪುತ್ತೇನೆ.

ಗಣಿತ ಶಿಕ್ಷಕ:

ಓದಿನ ಬಗ್ಗೆ ಸಾಕಷ್ಟು ಬಂದಿದೆ, ಗಣಿತದ ಪೂರಕ ಬೋಧನೆಯನ್ನು ಯಾರೂ ಮುಟ್ಟಿಲ್ಲ. ನಮ್ಮಲ್ಲಿ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಯುವ ರೂಢಿ ಬಲವಾಗಿದೆ. ಪೂರಕ ಬೋಧನೆಗೆ ಅದರಿಂದ ಯಾವ ನೆರವೂ ಇಲ್ಲ. 52ರಿಂದ 38ನ್ನು ಕಳೆಯುವ ಲೆಕ್ಕ ಕೊಟ್ಟು ಮೂರು ಮಕ್ಕಳ ಉತ್ತರ ನೋಡಿ. ಒಬ್ಬನದು 26, ಒಬ್ಬಳದು 24, ಇನ್ನೊಬ್ಬನದು 15. ಮೂವರಿಗೂ ಸೊನ್ನೆ. 26 ಬರೆದವನು ಬಿಡಿ ಸ್ಥಾನದಲ್ಲಿ ಮೇಲೆ ಕೆಳಗೆ ಎಂದು ನೋಡದೆ ದೊಡ್ಡ ಅಂಕೆಯಿಂದ ಚಿಕ್ಕದನ್ನು ಕಳೆದಿದ್ದಾನೆ, ಅವನಿಗೆ ದಶಕ ಬಿಡಿಸುವುದು ಬೇಕೆಂಬುದೇ ತಿಳಿದಿಲ್ಲ. 24 ಬರೆದವಳು ದಶಕವನ್ನು ಬಿಡಿಸಿಕೊಂಡು 12ರಿಂದ 8 ಕಳೆದಿದ್ದಾಳೆ, ಹತ್ತರ ಸ್ಥಾನದಲ್ಲಿ ಒಂದನ್ನು ಕಡಿಮೆ ಮಾಡುವುದನ್ನು ಮರೆತಿದ್ದಾಳೆ. 15 ಬರೆದವನಿಗೆ ವಿಧಾನ ಗೊತ್ತಿದೆ, ಎಣಿಕೆಯಲ್ಲಿ ಒಂದು ಜಾರಿದೆ. ಮೊದಲನೆಯವನಿಗೆ ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಬೇಕು, ಎರಡನೆಯವಳಿಗೆ ಬರವಣಿಗೆಯ ಕ್ರಮವನ್ನು ಗಟ್ಟಿ ಮಾಡಿಸಬೇಕು, ಮೂರನೆಯವನಿಗೆ ಪೂರಕ ಬೋಧನೆಯೇ ಬೇಕಿಲ್ಲ. ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳು ಮನಬಂದಂತೆ ಆಗುವುದಿಲ್ಲ, ಅವುಗಳಿಗೊಂದು ನಿಯಮವಿರುತ್ತದೆ ಎಂಬುದನ್ನು 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ವಿವರವಾಗಿ ತೋರಿಸಿದ್ದಾರೆ. ಆದ್ದರಿಂದ ಅಂಕದ ಅಂಕಣವನ್ನು ತೆಗೆದು ‘ತಪ್ಪಿನ ಬಗೆ’ ಎಂಬ ಅಂಕಣ ಹಾಕಿ ಎಂಬುದು ನನ್ನ ಸಲಹೆ.

ಇನ್ನೊಂದು ವಿಷಯವನ್ನು ಸಂಖ್ಯಾಶಾಸ್ತ್ರದವರಲ್ಲಿ ಕೇಳಬೇಕಿದೆ. ವರ್ಷದ ಮೊದಲ ಪರೀಕ್ಷೆಯಲ್ಲಿ ತೀರ ಕೆಳಗಿದ್ದ ಮಕ್ಕಳನ್ನು ಆರಿಸಿ ಪೂರಕ ಬೋಧನೆಗೆ ಹಾಕುತ್ತೇವೆ. ಮುಂದಿನ ಪರೀಕ್ಷೆಯಲ್ಲಿ ಅವರಲ್ಲಿ ಬಹುಮಂದಿ ಮೇಲೆ ಬಂದಿರುತ್ತಾರೆ. ಇದು ಬೋಧನೆಯ ಫಲವೆಂದು ವರದಿ ಬರೆಯಬಹುದೇ?

ಸಂಖ್ಯಾಶಾಸ್ತ್ರ ಬೋಧಕ:

ಬರೆಯಬಾರದು. ಒಂದೇ ದಿನದ ಪರೀಕ್ಷೆಯಲ್ಲಿ ಅತಿ ಕೆಳಗೆ ಬಂದವರಲ್ಲಿ ನಿಜವಾಗಿ ಹಿಂದಿರುವವರ ಜೊತೆಗೆ, ಆ ದಿನ ಜ್ವರವಿದ್ದವರು, ಮನಸ್ಸಿಲ್ಲದವರು, ಪ್ರಶ್ನೆ ಕೇಳಿಸಿಕೊಳ್ಳದವರೂ ಸೇರಿರುತ್ತಾರೆ. ಅವರಿಗೆ ಏನನ್ನೂ ಮಾಡದಿದ್ದರೂ ಮುಂದಿನ ಪರೀಕ್ಷೆಯಲ್ಲಿ ಸರಾಸರಿಯ ಕಡೆಗೆ ಹತ್ತಿರವಾಗುತ್ತಾರೆ. 19ನೆಯ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ಗಮನಿಸಿದ್ದೂ ಇದೇ ಪ್ರವೃತ್ತಿ. ಪರಿಹಾರ ಸರಳವಾಗಿದೆ: ಕಾರ್ಯಕ್ರಮಕ್ಕೆ ಸೇರಿಸುವ ಮೊದಲು ಬೇರೆ ಬೇರೆ ದಿನ ಮೂರು ಸಲ ಅಳೆದು ನಡುವಿನ ಫಲಿತಾಂಶವನ್ನು ಆರಂಭಬಿಂದುವಾಗಿ ಹಿಡಿಯುವುದು.

ಕಾರ್ಯಕ್ರಮದ ಪರಿಣಾಮವನ್ನು ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಸಣ್ಣ ಶಾಲೆಗೇ ಹೇಳಿ ಮಾಡಿಸಿದ ಒಂದು ಉಪಾಯವಿದೆ. ಎಲ್ಲರಿಗೂ ಒಂದೇ ದಿನ ಆರಂಭಿಸಬೇಡಿ. ಮೂರು ಗುಂಪು ಮಾಡಿ, ಮೊದಲ ಗುಂಪಿಗೆ ಈಗ, ಎರಡನೆಯದಕ್ಕೆ ಒಂದು ತಿಂಗಳ ನಂತರ, ಮೂರನೆಯದಕ್ಕೆ ಎರಡು ತಿಂಗಳ ನಂತರ ಆರಂಭಿಸಿ. ಅಳತೆ ಮಾತ್ರ ಮೂರಕ್ಕೂ ಮೊದಲ ದಿನದಿಂದಲೇ ಇರಲಿ. ಪ್ರತಿ ಗುಂಪಿನ ಓದೂ ತನಗೆ ಕಾರ್ಯಕ್ರಮ ಆರಂಭವಾದ ನಂತರವೇ ಏರಲು ತೊಡಗಿದರೆ ಆ ಏರಿಕೆಗೆ ಕಾರ್ಯಕ್ರಮವೇ ಕಾರಣ ಎನ್ನಲು ಬಲವಾದ ಆಧಾರ ಸಿಕ್ಕಿತು. ಮೂರೂ ಒಟ್ಟಿಗೇ ಏರಿದರೆ ಕಾರಣ ಬೇರೆಲ್ಲೋ ಇದೆ. ಶಿಕ್ಷಕರು ಕಡಿಮೆ ಇರುವ ಕಡೆ ಎಲ್ಲರಿಗೂ ಒಮ್ಮೆಲೇ ಆರಂಭಿಸಲು ಹೇಗೂ ಆಗದು, ಆ ಕೊರತೆಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಬಹುವರ್ಗ ಶಿಕ್ಷಕಿ:

ಉಪಾಯ ಚೆನ್ನಾಗಿದೆ, ಆದರೆ ಮೂರನೆಯ ಗುಂಪಿನಲ್ಲಿ ಅಕ್ಷರವೇ ಬಾರದ ಮಗುವಿದ್ದರೆ ಅದನ್ನು ಎರಡು ತಿಂಗಳು ಕಾಯಿಸಲು ನಾನು ಒಪ್ಪುವುದಿಲ್ಲ. ತೀರ ಹಿಂದಿರುವವರು ಮೊದಲ ಗುಂಪಿಗೇ ಬರಬೇಕು, ಸಾಕ್ಷ್ಯ ಸ್ವಲ್ಪ ದುರ್ಬಲವಾದರೂ ಚಿಂತೆಯಿಲ್ಲ.

ಅಳತೆಗೆ ತಗಲುವ ಹೊತ್ತನ್ನೂ ಯಾರಾದರೂ ಲೆಕ್ಕ ಹಾಕಬೇಕು. ಒಂದು ನಿಮಿಷದ ಓದು ಎಂದರೂ ಮಗುವನ್ನು ಕರೆದು, ಓದಿಸಿ, ಬರೆದುಕೊಳ್ಳಲು ಮೂರು ನಿಮಿಷ ಬೇಕು. 45 ಮಕ್ಕಳಿಗೆ 135 ನಿಮಿಷ, ಅಂದರೆ ಎರಡೂಕಾಲು ಗಂಟೆ. ಅದನ್ನು ಪ್ರತಿ ವಾರ ಮಾಡಿದರೆ ಅಳೆಯುವುದರಲ್ಲಿಯೇ ಕಲಿಸುವ ಹೊತ್ತು ಕಳೆದುಹೋಗುತ್ತದೆ. ಎಲ್ಲ ಮಕ್ಕಳಿಗೂ ವರ್ಷಕ್ಕೆ ಮೂರು ಸಲ, ಓದು ಗುಂಪಿನವರಿಗೆ ಹದಿನೈದು ದಿನಕ್ಕೊಮ್ಮೆ. ಇದಕ್ಕಿಂತ ಹೆಚ್ಚು ಬೇಡ. ಅಳತೆ ಪಾಠದ ಒಳಗೇ ಸೇರಿದ್ದರೆ ಇನ್ನೂ ಒಳ್ಳೆಯದು. ಕೊಲಂಬಿಯಾದ ಗ್ರಾಮೀಣ ಶಾಲೆಗಳಲ್ಲಿ 1975ರ ಸುಮಾರಿಗೆ ಆರಂಭವಾದ ಎಸ್ಕ್ವೆಲಾ ನುಯೆವಾ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಕಲಿಕಾ ಮಾರ್ಗದರ್ಶಿಯನ್ನು ಮುಗಿಸಿ ಮುಂದಕ್ಕೆ ಹೋಗುತ್ತದೆ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿಯ ಕಲಿಕಾ ಏಣಿಯೂ ಅಂಥದೇ. ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದು ಶಿಕ್ಷಕರಿಗೂ ಕಾಣುತ್ತದೆ, ಮಗುವಿಗೂ ಕಾಣುತ್ತದೆ. ಅನುಪಾಲನೆಗೆಂದು ಪ್ರತ್ಯೇಕ ವಹಿ ಬೇಕಾಗುವುದಿಲ್ಲ. ಮೆಟ್ಟಿಲನ್ನು ದಾಟಿಸುವ ಮೊದಲು ಮಗು ನಿಜವಾಗಿ ಕಲಿತಿದೆಯೇ ಎಂದು ನೋಡುವ ಶಿಸ್ತು ಮಾತ್ರ ಶಿಕ್ಷಕರಲ್ಲಿರಬೇಕು. ಅದಿಲ್ಲದಿದ್ದರೆ ಏಣಿಯ ಗುರುತುಗಳು ಕೂಡ ಸಹಿಗಳ ಹಾಗೆಯೇ ಆಗುತ್ತವೆ.

ನಿವೃತ್ತ ಪರಿವೀಕ್ಷಕ:

ಆ ಕೊನೆಯ ಮಾತಿಗೆ ಒಂದು ಸೇರ್ಪಡೆ. ಯಾವ ಸಂಖ್ಯೆಯನ್ನು ಹಿಡಿದು ಶಿಕ್ಷಕರನ್ನು ಹೊಗಳಲು ತೆಗಳಲು ತೊಡಗುತ್ತೇವೋ ಆ ಸಂಖ್ಯೆ ಕೆಡತೊಡಗುತ್ತದೆ ಎಂಬುದನ್ನು 1970ರ ದಶಕದಲ್ಲಿ ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ ವಿವರಿಸಿದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಶಾಲಾ ಪರೀಕ್ಷೆಯೂ ಒಂದು. ಒಂದು ನಿಮಿಷದ ಓದಿನ ಸಂಖ್ಯೆಯನ್ನು ಪರಿಶೀಲನೆಗೆ ಬಂದ ಅಧಿಕಾರಿ ಕೇಳಲು ಆರಂಭಿಸಿದ ದಿನದಿಂದ ಮಕ್ಕಳಿಗೆ ವೇಗವಾಗಿ ಓದುವ ತಾಲೀಮು ಶುರುವಾಗುತ್ತದೆ, ಅರ್ಥ ಹಿಂದೆ ಉಳಿಯುತ್ತದೆ. ನನ್ನ ಸೇವಾವಧಿಯಲ್ಲಿ ಇಂಥ ಅನೇಕ ಒಳ್ಳೆಯ ಸಾಧನಗಳು ನಮೂನೆಗಳಾಗಿ ಸತ್ತದ್ದನ್ನು ನೋಡಿದ್ದೇನೆ. ಓದಿಸಿದ ನಂತರ ‘ಈಗ ಓದಿದ್ದನ್ನು ನಿನ್ನ ಮಾತಿನಲ್ಲಿ ಹೇಳು’ ಎಂದು ಕೇಳಿ, ಮಗು ಹೇಳಿದ್ದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಲೇಬೇಕು. ಮತ್ತು ಈ ಹಾಳೆ ಮೇಲಿನ ಕಚೇರಿಗೆ ಹೋಗಬಾರದು. ಅವರಿಗೆ ಬೇಕಾದ ಶೇಕಡಾವಾರನ್ನು ಅವರ ನಮೂನೆಯಲ್ಲಿ ಪ್ರಾಮಾಣಿಕವಾಗಿ ತುಂಬಿ ಕಳಿಸಿ, ಪಕ್ಕದಲ್ಲಿ ಮಕ್ಕಳ ಸಂಖ್ಯೆಯನ್ನೂ ಬರೆಯಿರಿ. ‘ಶೇ. 50 (8ರಲ್ಲಿ 4)’ ಎಂದು ಕಂಡ ಯಾವ ಅಧಿಕಾರಿಯೂ ಅದನ್ನು ಆಪತ್ತೆಂದು ಭಾವಿಸಲಾರ.

ಸಮಿತಿಯ ಸದಸ್ಯರ ವಿಷಯದಲ್ಲಿ ಮಾತ್ರ ಈ ಮಾತನ್ನು ನಾನು ಇಷ್ಟು ಧೈರ್ಯದಿಂದ ಹೇಳಲಾರೆ.

ಗಣಿತ ಶಿಕ್ಷಕ:

ಯಾವಾಗ ಬದಲಿಸಬೇಕು ಎಂಬುದು ಇನ್ನೂ ಬಾಕಿ ಉಳಿದಿದೆ. ಪಠ್ಯಾಧಾರಿತ ಮಾಪನದವರಲ್ಲಿ ಒಂದು ನಿಯಮವಿದೆ: ಮಗುವಿನ ಆರಂಭಬಿಂದುವಿನಿಂದ ಗುರಿಯವರೆಗೆ ಒಂದು ಗೆರೆ ಎಳೆದು, ಸತತ ನಾಲ್ಕು ಅಳತೆಗಳು ಗೆರೆಯ ಕೆಳಗೆ ಬಿದ್ದರೆ ಬೋಧನೆಯನ್ನು ಬದಲಿಸಬೇಕು. ಒಂದೆರಡು ಕೆಳಗೆ ಬಿದ್ದರೆ ಕಾಯಬೇಕು. ನನಗೆ ಇದರಲ್ಲಿ ಹಿಡಿಸಿದ್ದು ನಾಲ್ಕು ಎಂಬ ಸಂಖ್ಯೆಯಲ್ಲ. ನಿಯಮವನ್ನು ಫಲಿತಾಂಶ ಬರುವ ಮೊದಲೇ ಬರೆದಿಡುವುದು ನನಗೆ ಹಿಡಿಸಿತು. ಫಲಿತಾಂಶ ಕಂಡ ನಂತರ ತೀರ್ಮಾನದ ಅಳತೆಗೋಲನ್ನು ಹುಡುಕಲು ಹೊರಟರೆ ಪ್ರತಿಯೊಬ್ಬರಿಗೂ ತಮಗೆ ಬೇಕಾದದ್ದೇ ಸಿಗುತ್ತದೆ.

ಮುಖ್ಯ ಶಿಕ್ಷಕಿ:

ಎಲ್ಲರಿಗೂ ವಂದನೆಗಳು. ಸಹೋದ್ಯೋಗಿಗಳೊಂದಿಗೆ ಕುಳಿತು ಈ ಕೆಳಗಿನಂತೆ ನಿರ್ಧರಿಸಿದ್ದೇವೆ. ಓದು ಗುಂಪನ್ನು ನಿಲ್ಲಿಸುವುದಿಲ್ಲ. ಅದನ್ನು ಮೊದಲ ಅವಧಿಯಿಂದ ಎಲ್ಲ ಮಕ್ಕಳೂ ಬಂದು ಸೇರಿರುವ ಎರಡನೆಯ ಅವಧಿಗೆ ಸರಿಸಿ, ಒಬ್ಬ ಶಿಕ್ಷಕರು ಇಲ್ಲದ ದಿನ ಯಾವ ತರಗತಿಗಳನ್ನು ಒಟ್ಟಿಗೆ ಕೂರಿಸಿ ಗುಂಪನ್ನು ನಡೆಸಬೇಕು ಎಂಬುದನ್ನು ಈಗಲೇ ವೇಳಾಪಟ್ಟಿಯಲ್ಲಿ ಬರೆದಿದ್ದೇವೆ. ನಾಲ್ಕು ವಹಿಗಳ ಬದಲು ಪ್ರತಿ ಮಗುವಿಗೆ ಒಂದು ಸಾಲಿರುವ ಒಂದೇ ಹಾಳೆ: ಓದಿನ ಮಟ್ಟ, ಕಳೆಯುವ ಲೆಕ್ಕದ ತಪ್ಪಿನ ಬಗೆ, ತಿಂಗಳಲ್ಲಿ ತಪ್ಪಿಸಿದ ದಿನಗಳು ಮತ್ತು ಕಾರಣ. ಅಕ್ಕಪಕ್ಕದಲ್ಲಿ ಇರುವುದರಿಂದ ಗೈರಿಗೂ ಓದಿಗೂ ಇರುವ ನಂಟು ತಾನಾಗಿ ಕಾಣುತ್ತದೆ. ಓದು ಗುಂಪಿಗೆ ನಿಮಿಷಗಳ ಅಂಕಣವನ್ನು ಸೇರಿಸಿದ್ದೇವೆ. ಸತತ ನಾಲ್ಕು ಅಳತೆಗಳ ನಿಯಮವನ್ನು ಹಾಳೆಯ ಮೇಲ್ಭಾಗದಲ್ಲಿಯೇ ಬರೆದು ಮೂವರೂ ಸಹಿ ಮಾಡಿದ್ದೇವೆ. ಸಮಿತಿಯ ಮುಂದೆ ಇಡುವ ವರದಿಯಲ್ಲಿ ಹೆಸರುಗಳಿರುವುದಿಲ್ಲ.

ತರಗತಿ ಗ್ರಂಥಾಲಯ ಒಂದು ಉಳಿದಿದೆ. ಎಷ್ಟು ಪುಸ್ತಕ ಮನೆಗೆ ಹೋದವು ಎಂಬ ಲೆಕ್ಕ ಇದೆ, ಆದರೆ ಹೋದ ಪುಸ್ತಕ ತೆರೆಯಲ್ಪಟ್ಟಿತೇ ಎಂಬುದು ಅದರಿಂದ ತಿಳಿಯದು. ಇದಕ್ಕೂ ಒಂದು ಅಳತೆ ಇಡಬೇಕೆ?

ಬಹುವರ್ಗ ಶಿಕ್ಷಕಿ:

ಬೇಡ. ಪುಸ್ತಕ ಮರಳಿಸುವಾಗ ‘ಇದನ್ನು ಯಾರಿಗೆ ಕೊಡಲಿ’ ಎಂದು ಮಗುವನ್ನು ಕೇಳಿ ನೋಡಿ. ಓದಿದ ಮಗು ಒಬ್ಬರ ಹೆಸರು ಹೇಳಿ ಏಕೆ ಎಂದೂ ಹೇಳುತ್ತದೆ. ಅದನ್ನು ಬರೆದುಕೊಳ್ಳುವ ಅಗತ್ಯವಿಲ್ಲ, ಹರಿದ ಪುಸ್ತಕಗಳನ್ನು ಅಂಟಿಸಲು ಆ ಹೊತ್ತನ್ನು ಬಳಸಿ.